ಶುಕ್ರವಾರ ರಾತ್ರಿಯವರೆಗೆ

12 ಜೂನ್ 2024, ಬುಧವಾರ

ನನ್ನ ನಾದಿನಿಯರಲ್ಲಿ ಒಬ್ಬಳು ಸಂಜೆ ಫೋನು ಮಾಡಿದಳು. ಯಾವಳೆಂದು ದಯವಿಟ್ಟು ಯಾರೂ ಕೇಳಬೇಡಿ. ಇದನ್ನು ಬರೆಯಲೇ ಎಂದು ಅವಳನ್ನೇ ಕೇಳಿದಾಗ, "ಹೆಸರೊಂದು ಬೇಡ ಅತ್ತಿಗೆ, ಉಳಿದದ್ದನ್ನು ಬರೆಯಿರಿ, ನನ್ನ ಹಾಗೆ ದಿನಾ ಗುಳಿಗೆ ನುಂಗುವವರು ಎಷ್ಟೋ ಜನ ಇರುತ್ತಾರೆ" ಎಂದಳು.

"ಅಣ್ಣ ಹತ್ತಿರದಲ್ಲಿಲ್ಲ ತಾನೇ?" ಎಂದು ಖಚಿತಪಡಿಸಿಕೊಂಡ ಮೇಲೂ ಬಹಳ ಹೊತ್ತು ಮಕ್ಕಳ ಶಾಲೆಯ ಮಾತನ್ನೇ ಆಡಿದ ಅವಳು, ಕೊನೆಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಭಾನುವಾರ ರಾತ್ರಿ ಮನೆಯಲ್ಲಿ ಕಾಂಡೋಮ್ ಮುಗಿದಿತ್ತು, ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡರು, ಬೆಳಗಾದ ಮೇಲೆ ಹೆದರಿಕೆ ಶುರುವಾಯಿತು. ಸೋಮವಾರ ಸಂಜೆ ಔಷಧದಂಗಡಿಯಿಂದ ತುರ್ತು ಗರ್ಭನಿರೋಧಕ ಗುಳಿಗೆಯನ್ನು ತಂದು ನುಂಗಿದಳು. "ಇಪ್ಪತ್ತನಾಲ್ಕು ಗಂಟೆಯೊಳಗೇ ತೆಗೆದುಕೊಂಡಿದ್ದೇನೆ, ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಮುಟ್ಟು ಬರುವವರೆಗೆ ಹೀಗೇ ಕಾಯಬೇಕೇ?"

ಆಸ್ಪತ್ರೆಯ ವಾರ್ಡಿನಲ್ಲಿ ಕೇಳಿ ಅಭ್ಯಾಸವಾದ ಪ್ರಶ್ನೆಗಳನ್ನೇ ಕೇಳಿದೆ. ಗುಳಿಗೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾಯಿತೇ? ಆಗಿದ್ದರೆ ಇನ್ನೊಂದನ್ನು ನುಂಗಬೇಕಾಗುತ್ತಿತ್ತು, ಆಗಿರಲಿಲ್ಲ. ಗುಳಿಗೆ ಯಾವುದು? ಲೆವೊನೊರ್ಜೆಸ್ಟ್ರೆಲ್, 1.5 ಮಿಲಿಗ್ರಾಂ. ಕಳೆದ ಸಲ ಮುಟ್ಟಾದದ್ದು ಎಂದು? ಮೇ 29ರಂದು, ಮತ್ತು ಅವಳ ಚಕ್ರ ಸಾಮಾನ್ಯವಾಗಿ 28 ದಿನಗಳದ್ದು. ಆ ಲೆಕ್ಕದಲ್ಲಿ ಭಾನುವಾರವು ಹನ್ನೆರಡನೆಯ ದಿನವಾಗಿತ್ತು ಎಂದು ತಿಳಿದಾಗ ನನ್ನ ಎದೆ ಸ್ವಲ್ಪ ಭಾರವಾಯಿತು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಹೊರಬಂದ ಅಂಡ ಒಂದು ದಿನವಷ್ಟೇ ಬದುಕಿದರೂ, ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೆ ಬದುಕಿರಬಲ್ಲವು. ಗರ್ಭ ನಿಲ್ಲುವ ಸಾಧ್ಯತೆ ಅತ್ಯಂತ ಹೆಚ್ಚಿರುವ ದಿನಗಳಲ್ಲಿಯೇ ಆ ರಾತ್ರಿಯೂ ಬಿದ್ದಿತ್ತು.

ಈ ಗುಳಿಗೆಯು ಗರ್ಭವನ್ನು ತೆಗೆಯುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ, ನನ್ನ ನಾದಿನಿಯೂ ನಂಬಿದ್ದಳು, ಅದೇ ಪಾಪಭಾವದಿಂದ ಎರಡು ದಿನ ಯಾರೊಂದಿಗೂ ಮಾತನಾಡಿರಲಿಲ್ಲ. ಅದು ಹಾಗಲ್ಲ. ಅಂಡ ಬಿಡುಗಡೆಯಾಗುವ ಮುನ್ನ ಎಲ್‌ಎಚ್ ಎಂಬ ಹಾರ್ಮೋನು ರಕ್ತದಲ್ಲಿ ಒಮ್ಮೆಲೇ ಏರುತ್ತದೆ. ಆ ಏರಿಕೆ ಆರಂಭವಾಗುವ ಮೊದಲೇ ಗುಳಿಗೆ ದೇಹವನ್ನು ಸೇರಿದರೆ ಅಂಡದ ಬಿಡುಗಡೆ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ವೀರ್ಯಾಣುಗಳ ಆಯುಷ್ಯ ಮುಗಿಯುತ್ತದೆ. ಈಗಾಗಲೇ ನಿಂತಿರುವ ಗರ್ಭಕ್ಕೆ ಅದು ಏನನ್ನೂ ಮಾಡುವುದಿಲ್ಲ. ಅದಕ್ಕಾಗಿಯೇ 72 ಗಂಟೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಮೊದಲ ಗಂಟೆಗಳೇ ಹೆಚ್ಚು ಬೆಲೆಯುಳ್ಳವು. ಸೋಮವಾರ ಸಂಜೆಗೆ ಆ ಏರಿಕೆ ಆರಂಭವಾಗಿತ್ತೋ ಇಲ್ಲವೋ ಎಂಬುದನ್ನು ಈಗ ಯಾರೂ ಹೇಳಲಾರರು.

ಇಷ್ಟಾದರೂ, ಬೇಗ ತೆಗೆದುಕೊಂಡಿದ್ದೀಯೆ, ಧೈರ್ಯವಾಗಿರು ಎಂದು ಹೇಳಿ ಮುಗಿಸುವವಳಿದ್ದೆ. ಅಷ್ಟರಲ್ಲಿ ಅವಳೇ, "ರಾತ್ರಿಯ ಗುಳಿಗೆಯ ಹೊತ್ತಾಯಿತು, ಒಂದು ನಿಮಿಷ ಇರಿ" ಎಂದು ಎದ್ದಳು.

ರಾತ್ರಿಯ ಗುಳಿಗೆ ಎಂದರೆ ಫಿಟ್ಸ್‌ನ ಗುಳಿಗೆ, ಕಾರ್ಬಮಜೆಪೀನ್. ಮದುವೆಗೆ ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದಾಳೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಯಾರ ಮಾತಿನಲ್ಲಿಯೂ ಬರುವುದಿಲ್ಲ. ಕಾರ್ಬಮಜೆಪೀನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ, ಆ ಕಿಣ್ವಗಳು ಲೆವೊನೊರ್ಜೆಸ್ಟ್ರೆಲ್ಲನ್ನು ಬೇಗ ಬೇಗ ಒಡೆದುಹಾಕುತ್ತವೆ, ಹಾಗಾಗಿ ನುಂಗಿದ ಪ್ರಮಾಣ ಪೂರ್ತಿಯಾಗಿದ್ದರೂ ರಕ್ತದಲ್ಲಿ ಉಳಿಯುವುದು ಕಡಿಮೆ. ಫಿಟ್ಸ್‌ಗೇ ಕೊಡುವ ಫೆನಿಟಾಯಿನ್, ಫಿನೊಬಾರ್ಬಿಟಾಲ್, ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಎಚ್‌ಐವಿಗೆ ಕೊಡುವ ಎಫಾವಿರೆಂಜ್, ಇವೆಲ್ಲವೂ ಇದೇ ಕೆಲಸವನ್ನು ಮಾಡುತ್ತವೆ. ಯೂಲಿಪ್ರಿಸ್ಟಲ್ ಎಂಬ ಇನ್ನೊಂದು ತುರ್ತು ಗುಳಿಗೆ ಐದು ದಿನಗಳವರೆಗೂ ಕೆಲಸ ಮಾಡುತ್ತದೆಯಾದರೂ ಇಂತಹವರಿಗೆ ಅದೂ ಸೂಕ್ತವಲ್ಲ.

"ದಿನಾ ತೆಗೆದುಕೊಳ್ಳುವ ಗರ್ಭನಿರೋಧಕ ಗುಳಿಗೆ ನಿನಗೆ ಹೊಂದುವುದಿಲ್ಲ, ಕಾಂಡೋಮ್ ಬಳಸಿ ಎಂದು ಡಾಕ್ಟರು ಹೇಳಿದ್ದರು" ಎಂದಳು. ಹೌದು, ಹೇಳಿದ್ದರು. ಆದರೆ ಕಾಂಡೋಮ್ ಇಲ್ಲದ ಒಂದು ರಾತ್ರಿ ಬಂದರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಗುಳಿಗೆ ಮಾರಿದವರೂ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಪೊಟ್ಟಣವನ್ನು ಕಾಗದದಲ್ಲಿ ಸುತ್ತಿ, ಮುಖ ನೋಡದೆ ಕೈಗಿಟ್ಟರಂತೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ಮುಖ ನೋಡದಿರುವುದನ್ನು ನಾವು ಮರ್ಯಾದೆ ಎಂದುಕೊಂಡಿದ್ದೇವೆ. ಆ ಮರ್ಯಾದೆಯಿಂದಾಗಿ ಅವಳಿಗೆ ಎರಡು ದಿನಗಳು ನಷ್ಟವಾದವು.

ಉಳಿದಿರುವ ದಾರಿ ಕಾಪರ್-ಟಿ, ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನ. ಹೆರಿಗೆಯ ನಂತರ ಹಾಕಿಸಿಕೊಳ್ಳುವುದೆಂದು ಮಾತ್ರ ಅದನ್ನು ಬಲ್ಲವರು, ಅಸುರಕ್ಷಿತ ಸಂಭೋಗವಾದ ಐದು ದಿನಗಳೊಳಗೆ ಹಾಕಿಸಿಕೊಂಡರೆ ತುರ್ತು ಗರ್ಭನಿರೋಧಕಗಳಲ್ಲೆಲ್ಲ ಅದೇ ಅತ್ಯಂತ ಪರಿಣಾಮಕಾರಿ, ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಸಂದರ್ಭಗಳಲ್ಲಿ ಗರ್ಭ ನಿಲ್ಲುವುದಿಲ್ಲ ಎಂದರೆ ಬೆರಗಾಗುತ್ತಾರೆ. ಅದರಲ್ಲಿ ಹಾರ್ಮೋನು ಇಲ್ಲ, ತಾಮ್ರವೇ ವೀರ್ಯಾಣುಗಳಿಗೆ ವಿಷವಾಗುತ್ತದೆ. ಆದ್ದರಿಂದ ಫಿಟ್ಸ್‌ನ ಗುಳಿಗೆಯಿಂದ ಅದರ ಶಕ್ತಿ ಕುಂದುವುದಿಲ್ಲ, ಸೋಮವಾರ ನುಂಗಿದ ಗುಳಿಗೆಯೂ ಅದಕ್ಕೆ ಅಡ್ಡಿಯಲ್ಲ. ಅದು ಸಿಗದವರಿಗೆ ಲೆವೊನೊರ್ಜೆಸ್ಟ್ರೆಲ್ಲನ್ನು ಎರಡರಷ್ಟು, ಎಂದರೆ 3 ಮಿಲಿಗ್ರಾಂ, ಒಟ್ಟಿಗೆ ಕೊಡುವುದುಂಟು. ಆದರೆ ತನ್ನಷ್ಟಕ್ಕೆ ಇನ್ನೊಂದು ಗುಳಿಗೆಯನ್ನು ತಂದು ನುಂಗಿ ಸುಮ್ಮನಾಗುವುದು ಬೇಡ, ನಾಳೆ ಡಾಕ್ಟರ ಮುಂದೆ ಕುಳಿತು ತೀರ್ಮಾನಿಸು ಎಂದೆ. ಭಾನುವಾರ ರಾತ್ರಿಯಿಂದ ಎಣಿಸಿದರೆ ಶುಕ್ರವಾರ ರಾತ್ರಿಗೆ 120 ಗಂಟೆಗಳು ತುಂಬುತ್ತವೆ.

ಬಹಳ ನೋಯುತ್ತದೆಯೇ ಎಂದು ಕೇಳಿದಳು. ಹಾಕುವಾಗ ಹಿಡಿದುಕೊಂಡಂತಹ ನೋವಿರುತ್ತದೆ, ಕೆಲವರಿಗೆ ಹೆಚ್ಚೇ ಇರುತ್ತದೆ, ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ಹೆಚ್ಚಬಹುದು ಎಂದು ಇದ್ದುದನ್ನು ಇದ್ದಂತೆ ಹೇಳಿದೆ. ಬೇಡವೆನಿಸಿದಾಗ ತೆಗೆಸಬಹುದು, ತೆಗೆಸಿದ ಮೇಲೆ ಮತ್ತೆ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ, ಬೇಕೆನಿಸಿದರೆ ವರ್ಷಗಟ್ಟಲೆ ಹಾಗೆಯೇ ಇರಬಹುದು.

ಆಮೇಲೆ ಅವಳು ಕೇಳಿದ ಪ್ರಶ್ನೆಯಿಂದ ನಾನು ನಿಜವಾಗಿ ಗಾಬರಿಯಾದೆ. "ಹಾಗಾದರೆ ಇವತ್ತಿನಿಂದ ಫಿಟ್ಸ್‌ನ ಗುಳಿಗೆಯನ್ನು ನಿಲ್ಲಿಸಿಬಿಡಲೇ ಅತ್ತಿಗೆ?"

ಬೇಡ ಎಂದು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಒಳಗಿನ ಕೋಣೆಯಿಂದ ಇವರು ಏನಾಯಿತೆಂದು ಕೇಳಿದರು. ಆ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ಪ್ರಾಣಕ್ಕೇ ಅಪಾಯವಾಗಬಹುದು, ಮೇಲಾಗಿ ನಿಲ್ಲಿಸಿದ ಮೇಲೂ ಯಕೃತ್ತಿನ ಮೇಲಿನ ಅದರ ಪರಿಣಾಮ ವಾರಗಟ್ಟಲೆ ಉಳಿಯುವುದರಿಂದ ಲಾಭವೇನೂ ಇಲ್ಲ. ಗರ್ಭ ನಿಂತರೆ ಮಗುವಿನ ಬೆನ್ನುಹುರಿಯ ದೋಷದ ಸಾಧ್ಯತೆಯನ್ನು ಕಾರ್ಬಮಜೆಪೀನ್ ಸ್ವಲ್ಪ ಹೆಚ್ಚಿಸುತ್ತದೆ ಎಂಬುದು ಅವಳಿಗೆ ಗೊತ್ತು. ಹಿಂದಿನ ಎರಡು ಬಸಿರುಗಳಲ್ಲಿಯೂ ಮೊದಲೇ ಡಾಕ್ಟರನ್ನು ಕಂಡು ಫೋಲಿಕ್ ಆಮ್ಲವನ್ನು ತೆಗೆದುಕೊಂಡಿದ್ದಳು. ಯೋಚಿಸದೆ ನಿಲ್ಲುವ ಬಸಿರಿನ ಬಗ್ಗೆ ಅವಳಿಗಿರುವ ಹೆದರಿಕೆ ಅಲ್ಲಿಂದಲೇ ಬಂದದ್ದು. ಅದು ಅನ್ಯಾಯದ ಹೆದರಿಕೆಯಲ್ಲ.

ಕಾಪರ್-ಟಿ ಹಾಕಿಸಿಕೊಂಡರೂ ಹಾಕಿಸಿಕೊಳ್ಳದಿದ್ದರೂ ಮುಟ್ಟಿನ ದಿನ ಜೂನ್ 26ರ ಆಚೀಚೆ ಸರಿಯಬಹುದು, ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಲೇಬೇಕು, ಹೇಗೂ ಜೂನ್ 30ಕ್ಕೆ ಭಾನುವಾರದಿಂದ 21 ದಿನಗಳಾಗುವುದರಿಂದ ಅಂದು ಮೂತ್ರಪರೀಕ್ಷೆ ಮಾಡಿಕೊಂಡರೆ ಫಲಿತಾಂಶವನ್ನು ನಂಬಬಹುದು. ಈ ನಡುವೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ ಕಾಯಬಾರದು. ಗುಳಿಗೆಯಿಂದ ಅಂಡದ ಬಿಡುಗಡೆ ಮುಂದಕ್ಕೆ ಹೋಗಿದ್ದರೆ ಈ ಚಕ್ರದಲ್ಲಿ ಅಪಾಯದ ದಿನಗಳು ಇನ್ನೂ ಮುಂದಿವೆ, ಕಾಪರ್-ಟಿ ಹಾಕಿಸಿಕೊಳ್ಳುವವರೆಗೆ ಕಾಂಡೋಮ್ ಇಲ್ಲದೆ ಕೂಡಬೇಡಿ ಎಂದೂ ಹೇಳಿದೆ. ಇವನ್ನೆಲ್ಲ ಅವಳು ಮಗಳ ನೋಟುಪುಸ್ತಕದ ಹಾಳೆಯಲ್ಲಿ ಬರೆದುಕೊಂಡಳು.

ನಾಳೆ ಬೆಳಿಗ್ಗೆ ನಮ್ಮ ವಾರ್ಡಿನ ಡಾಕ್ಟರನ್ನು ಕಾಣಲು ಬರುತ್ತಾಳೆ. ಗಂಡನನ್ನೂ ಕರೆದುಕೊಂಡು ಬಾ ಎಂದೆ. "ಅವರು ಬರುವುದಿಲ್ಲ, ಹೆಂಗಸರ ವಿಷಯ ಅನ್ನುತ್ತಾರೆ" ಎಂದಳು. ಅವನು ಒರಟನಲ್ಲ, ಅವಳಿಗೆ ಫಿಟ್ಸ್ ಬಂದಾಗಲೆಲ್ಲ ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ಕೈಯಿಟ್ಟು ಕುಳಿತವನು. ಹಾಗಾದರೆ ಈ ಒಂದು ವಿಷಯಕ್ಕೆ ಮಾತ್ರ ಅವನೇಕೆ ಬಾಗಿಲ ಹೊರಗೆ ನಿಲ್ಲಬೇಕು, ನಾನೇ ಈಗ ಫೋನು ಮಾಡಿ ಕರೆದರೆ ತಪ್ಪಾದೀತೇ, ಅಥವಾ ಇವರ ಕೈಯಲ್ಲಿ ಹೇಳಿಸಿದರೆ