ಮೈಕ್ರೋಸ್ಕೋಪ್ ಇರುವಾಗ ಈ ಊಹೆ ಯಾಕೆ?

ಜೀವಕೋಶದೊಳಗೆ ಯಾವ ಪ್ರೋಟೀನ್ ಎಲ್ಲಿರುತ್ತದೆ ಅಂತ ಕಂಪ್ಯೂಟರ್‌ನಿಂದ ಊಹಿಸುವುದು ನನ್ನ ಕೆಲಸ. ಹಾಗಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗೊತ್ತಾಗಲ್ವಾ?"

ಗೊತ್ತಾಗುತ್ತದೆ. ಆದರೆ ಒಂದೊಂದು ಪ್ರೋಟೀನಿಗೂ ಹೊಳೆಯುವ ಗುರುತು ಅಂಟಿಸಿ ಫೋಟೋ ತೆಗೆಯಬೇಕು. ಮನುಷ್ಯನಲ್ಲೇ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಉಳಿದ ಜೀವಿಗಳ ಲೆಕ್ಕ ಬೇಡ ಬಿಡಿ.

ಊಹೆ ಅಂದರೆ ಸುಮ್ನೆ ಬಾಯಿಗೆ ಬಂದದ್ದು ಹೇಳುವುದಲ್ಲ. ಪ್ರೋಟೀನ್ ಅಮೈನೋ ಆಮ್ಲಗಳ ಸರ. ಎಲ್ಲಿಗೆ ಹೋಗಬೇಕು ಅನ್ನುವುದು ಎಷ್ಟೋ ಸಲ ಆ ಸರದಲ್ಲೇ ಇರುತ್ತದೆ. ಇದನ್ನು ಕಂಡುಹಿಡಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಎಸ್‌ವಿ40 ವೈರಸ್‌ನ ಒಂದು ಪ್ರೋಟೀನ್ ನ್ಯೂಕ್ಲಿಯಸ್ ಒಳಗೆ ಹೋಗುವುದು ಬರೀ ಏಳು ಅಮೈನೋ ಆಮ್ಲಗಳ ತುಣುಕಿನಿಂದ: ಪ್ರೋಲೀನ್, ಮೂರು ಲೈಸೀನ್, ಆರ್ಜಿನೀನ್, ಮತ್ತೊಂದು ಲೈಸೀನ್, ವ್ಯಾಲೀನ್. ಎರಡನೇ ಲೈಸೀನ್ ಬದಲಾಯಿಸಿದರೆ ಸಾಕು, ಹೊರಗೇ ಉಳಿಯುತ್ತದೆ. ಇಂಥ ತುಣುಕುಗಳನ್ನೇ ಪ್ರೋಗ್ರಾಂ ಹುಡುಕುತ್ತದೆ.

ಅಷ್ಟೇ ಆಗಿದ್ದರೆ ನಮ್ಮ ಕೆಲಸ ಎಂದೋ ಮುಗಿಯುತ್ತಿತ್ತು! ನಮ್ಮ ಲಿವರ್‌ನಲ್ಲಿ ಎಜಿಟಿ ಅನ್ನುವ ಎಂಜೈಮ್ ಇದೆ. ಅದರ ಜಾಗ ಪೆರಾಕ್ಸಿಸೋಮ್ ಅನ್ನುವ, ಕೋಶದೊಳಗಿನ ಪುಟ್ಟ ಚೀಲ. ಕೆಲವರಲ್ಲಿ ಅದರ 11ನೇ ಅಮೈನೋ ಆಮ್ಲ ಬೇರೆ ಇರುತ್ತದೆ. ಅದರಿಂದ ಕೋಶದ ಇನ್ನೊಂದು ಭಾಗವಾದ ಮೈಟೊಕಾಂಡ್ರಿಯಕ್ಕೆ ಕರೆಯುವ ಒಂದು ಸಣ್ಣ ಗುರುತು ಹುಟ್ಟುತ್ತದೆ. ಅದೊಂದರಿಂದ ದಾರಿ ತಪ್ಪುವುದು ಎಂಜೈಮಿನಲ್ಲಿ ಸುಮಾರು ನೂರಕ್ಕೆ ಐದು ಪಾಲು. ಜೊತೆಗೆ ದೂರದ 170ನೆಯದೂ ಬದಲಾದರೆ ಎಂಜೈಮ್ ಮಡಚಿ ಜೋಡಿಯಾಗುವುದು ನಿಧಾನವಾಗುತ್ತದೆ. ಆಗ ಸುಮಾರು ನೂರಕ್ಕೆ ತೊಂಬತ್ತು ಪಾಲು, ಮಡಚಿ ಮುಗಿಯುವ ಮುಂಚೆಯೇ, ಮೈಟೊಕಾಂಡ್ರಿಯಕ್ಕೇ ಹೋಗಿ ಸೇರುತ್ತದೆ. ಅಲ್ಲಿ ಅದರ ಕೆಲಸ ಉಪಯೋಗಕ್ಕೆ ಬರುವುದಿಲ್ಲ. ಆಕ್ಸಲೇಟ್ ಅನ್ನುವ ತ್ಯಾಜ್ಯ ಜಾಸ್ತಿಯಾಗಿ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಬರೀ ಶುರುವಿನ ಗುರುತು ಓದುವ ಪ್ರೋಗ್ರಾಂಗೆ 170ರ ಕಿತಾಪತಿ ಕಾಣುವುದೇ ಇಲ್ಲ.

"ಹಾಗಾದ್ರೆ ಎಷ್ಟು ನಂಬಬಹುದು?" ಅಂತ ಮುಂದಿನ ಪ್ರಶ್ನೆ. ನೂರಕ್ಕೆ ತೊಂಬತ್ತೈದು ಸರಿ ಅನ್ನುವ ಪೇಪರ್ ಕಂಡರೆ ನಾನು ಮೊದಲು ನೋಡುವುದು ಪರೀಕ್ಷೆಗೆ ಕೊಟ್ಟ ಪ್ರೋಟೀನ್‌ಗಳು ಪ್ರೋಗ್ರಾಂಗೆ ಮೊದಲು ಉದಾಹರಣೆ ಕೊಟ್ಟು ಕಲಿಸಿದವುಗಳ ನೆಂಟರೇ ಅಂತ. ಹಳೇ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಕೊಟ್ಟರೆ ಯಾರು ಬೇಕಾದರೂ ಪಾಸ್, ಅಲ್ವಾ? ಇನ್ನು ಮನುಷ್ಯನ ಪ್ರೋಟೀನ್‌ಗಳಲ್ಲಿ ಸುಮಾರು ಅರ್ಧ ಒಂದಕ್ಕಿಂತ ಹೆಚ್ಚು ಕಡೆ ಇರುತ್ತವೆ. ಒಂದೇ ಜಾಗ ಹೇಳುವ ಪ್ರೋಗ್ರಾಂ ಅಲ್ಲಿ ಅರೆಬರೆ.

ನಿಮ್ಮ ಹತ್ತಿರ ಇರುವುದು ಒಂದೇ ಪ್ರೋಟೀನ್ ಆದರೆ ನನ್ನನ್ನು ಕೇಳಬೇಡಿ, ಫೋಟೋ ತೆಗೆಸಿ. ಹತ್ತು ಸಾವಿರ ಇದ್ದರೆ ಪಟ್ಟಿ ಕಳಿಸಿ. ಮೊದಲು ಯಾವುದರ ಫೋಟೋ ತೆಗೆಯಬೇಕು ಅಂತ ಹೇಳಬಲ್ಲೆ.