ಕೆಳಗಿನ ಗುಂಡಿ ಒತ್ತಿದರೆ ವಾಪಸ್ ಹೋಗಬೇಕಿತ್ತು

ನಾವು ಟೆಸ್ಟ್ ಮಾಡುತ್ತಿದ್ದ ಕಳೆದ ವಿಡಿಯೊ ಗೇಮಿನ ಜಪಾನಿ ಆವೃತ್ತಿಯ ರಿವ್ಯೂ ಕಾಲ್. ಟೋಕಿಯೊ ಕಡೆಯ ಟೆಸ್ಟರ್ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಿಗೆಂದು ತಯಾರಾದ ಬಿಲ್ಡಿನಲ್ಲಿ (ಆಟದ ಪರೀಕ್ಷಾ ಪ್ರತಿ) ಸೇವ್ ಸ್ಲಾಟ್ ತೆರೆದರು. ‘ಈ ಸೇವ್ ಅಳಿಸುವುದೇ?’ ಎಂಬ ಡೈಲಾಗ್ ಬಂತು. ಬೇಡವೆಂದು ಹಿಂದೆ ಹೋಗಲು ಕೆಳಗಿನ ಗುಂಡಿ ಒತ್ತಿದರು. ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಕೆಳಗಿರುವುದು ಎ, ಎ ಎಂದರೆ ಒಪ್ಪಿಗೆ. 14 ಗಂಟೆ ಆಡಿದ ಸೇವ್ ಹೋಯಿತು. ಸ್ಲಾಟು ಬೂದು ಬಣ್ಣಕ್ಕೆ ತಿರುಗಿದ್ದು ಷೇರ್ ಮಾಡಿದ್ದ ಸ್ಕ್ರೀನಿನಲ್ಲಿ ಎಲ್ಲರಿಗೂ ಕಾಣಿಸಿತು. ಅವರು ಒಂದು ಮಾತೂ ಆಡಲಿಲ್ಲ. ಮೂರು ವಾರದ ಹಿಂದೆ ಇದೇ ದೋಷದ ಬಗ್ಗೆ ತಾವೇ ಹಾಕಿದ್ದ ಟಿಕೆಟ್ಟಿನ ನಂಬರನ್ನು ಚಾಟಿನಲ್ಲಿ ಹಾಕಿದರು. ಅದನ್ನು ‘ಆಸ್ ಡಿಸೈನ್ಡ್’, ಅಂದರೆ ಇರಬೇಕಾದ್ದೇ ಹೀಗೆ, ಎಂದು ಮುಚ್ಚಿದ್ದು ನಾನು.

ಮುಚ್ಚಿದ್ದಕ್ಕೆ ಕಾರಣ ಇತ್ತು. ಎಕ್ಸ್‌ಬಾಕ್ಸಿನಲ್ಲಿ ಎಲ್ಲ ದೇಶಕ್ಕೂ ಎ ಒಪ್ಪಿಗೆ, ಬಿ ವಾಪಸ್. ಟೆಸ್ಟಿಂಗಿನ ನಿಯಮಗಳ ಶೀಟಿನಲ್ಲಿ ಹಾಗೇ ಇದೆ, ಬಿಲ್ಡೂ ಹಾಗೇ ನಡೆದುಕೊಂಡಿತ್ತು. ಆದ್ದರಿಂದ ಸೆವ್ 3 (ತೀವ್ರತೆ ಕಡಿಮೆ), ‘ಪ್ರಿಫರೆನ್ಸ್’ ಎಂದು ಬರೆದೆ. ಶೀಟು ಸರಿಯಾಗಿಯೇ ಇತ್ತು, ನೋಡಬೇಕಾಗಿದ್ದದ್ದು ಆಡುವವರ ಹೆಬ್ಬೆರಳನ್ನು. ನಿಂಟೆಂಡೊ ಕಂಟ್ರೋಲರಿನಲ್ಲಿ ಒಪ್ಪಿಗೆಯ ಎ ಇರುವುದು ಬಲಗಡೆ, ವಾಪಸಿನ ಬಿ ಕೆಳಗೆ. ಪ್ಲೇಸ್ಟೇಷನ್ 4ರವರೆಗೂ ಜಪಾನಿನಲ್ಲಿ ಬಲಗಡೆಯ ವೃತ್ತ ಒಪ್ಪಿಗೆ, ಕೆಳಗಿನ ಇಂಟು ವಾಪಸ್. ಅಮೆರಿಕ, ಯುರೋಪಿನಲ್ಲಿ ಮಾತ್ರ ಇಂಟು ಒಪ್ಪಿಗೆಯ ಗುಂಡಿಯಾಗಿತ್ತು. ಅಂದರೆ ಹೆಚ್ಚುಕಡಿಮೆ ಎರಡು ತಲೆಮಾರಿನ ಜಪಾನಿ ಆಟಗಾರರ ಕೈಗೆ ‘ಬಲಕ್ಕೆ ಹೂಂ, ಕೆಳಕ್ಕೆ ಊಹೂಂ’ ಎಂದು ಕೂತುಬಿಟ್ಟಿದೆ. ಅದಕ್ಕೂ ಹಿಂದಿನದು ಶಾಲೆಯ ಪಾಠ. ನಮ್ಮಲ್ಲಿ ಮೇಷ್ಟ್ರು ಸರಿ ಉತ್ತರಕ್ಕೆ ಟಿಕ್ ಹಾಕುತ್ತಾರೆ, ಅಲ್ಲಿ ಸರಿ ಉತ್ತರದ ಸುತ್ತ ಕೆಂಪು ವೃತ್ತ ಎಳೆಯುತ್ತಾರೆ. ಟಿಕ್ ಬಿದ್ದರೆ ಆ ಉತ್ತರ ತಪ್ಪು. ವೃತ್ತಕ್ಕೆ ಮರು, ಇಂಟುವಿಗೆ ಬತ್ಸು ಎನ್ನುತ್ತಾರೆ.

2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಸೋನಿಯೇ ಜಪಾನಿನಲ್ಲೂ ಇಂಟುವನ್ನು ಒಪ್ಪಿಗೆ ಮಾಡಿತು. ಅವರದ್ದೇ ದೇಶದ ಕಂಪನಿ ಮಾಡಿದರೂ ಜನ ಗೊಣಗಿದರು. ಟೆಸ್ಟಿಂಗ್‌ನವರಿಗೆ ಅದರಿಂದ ಇನ್ನೊಂದು ಸಾಲು ಹೆಚ್ಚಾಯಿತು: ಪಿಎಸ್‌5ರಲ್ಲಿ ಓಡುವ ಹಳೆಯ ಪಿಎಸ್‌4 ಆಟದೊಳಗೆ ವೃತ್ತವೇ ಒಪ್ಪಿಗೆ, ಆಟದಿಂದ ಸಿಸ್ಟಂ ಮೆನುವಿಗೆ ಬಂದರೆ ಇಂಟು. ಎರಡನ್ನೂ ಒಂದೇ ಸಿಟ್ಟಿಂಗಿನಲ್ಲಿ ಪರೀಕ್ಷಿಸಬೇಕು.

ಸರಿಪಡಿಸಿದ್ದು ಹೀಗೆ. ಏನನ್ನಾದರೂ ಅಳಿಸುವ, ಮಾರುವ, ಮೇಲೆ ಬರೆಯುವ ಡೈಲಾಗುಗಳಲ್ಲಿ ಗುಂಡಿಗೆ ನೇರವಾಗಿ ಕೆಲಸ ಕಟ್ಟುವುದನ್ನು ಬಿಟ್ಟು, ಎರಡು ಸಾಲಿನ ಪಟ್ಟಿ ಇಟ್ಟು ಕರ್ಸರನ್ನು ‘ಬೇಡ’ ಮೇಲೆ ನಿಲ್ಲಿಸಿದೆವು. ಈಗ ಅಭ್ಯಾಸಬಲದಿಂದ ಯಾವ ಗುಂಡಿ ಒತ್ತಿದರೂ ಸೇವ್ ಉಳಿಯುತ್ತದೆ. ಅಳಿಸಲೇಬೇಕೆಂದರೆ ಕರ್ಸರ್ ಸರಿಸಿ ಎರಡು ಸೆಕೆಂಡ್ ಒತ್ತಿ ಹಿಡಿಯಬೇಕು. ಜೊತೆಗೆ ಆಪ್ಷನ್ಸಿನಲ್ಲಿ ಎ ಮತ್ತು ಬಿ ಅದಲುಬದಲು ಮಾಡುವ ಸ್ವಿಚ್. ತೊಂದರೆ ಆಗಿದ್ದು ಈ ಸ್ವಿಚ್ಚಿನಲ್ಲೇ. ಗುಂಡಿ ಬದಲಾಯಿತು, ಆದರೆ ಟ್ಯುಟೋರಿಯಲ್ಲಿನಲ್ಲಿ ‘ಎ ಒತ್ತಿ’ ಎಂದು ಅನುವಾದದ ಒಳಗೇ ಅಕ್ಷರವಾಗಿ ಬರೆದಿದ್ದ ಸ್ಟ್ರಿಂಗುಗಳು, ಅಂದರೆ ಪರದೆಯ ಮೇಲೆ ಬರುವ ಮಾತುಗಳು, ಹಾಗೇ ಉಳಿದವು. ಸ್ಟ್ರಿಂಗಿನಲ್ಲಿ ಗುಂಡಿಯ ಹೆಸರು ಬರೆಯಲೇಬಾರದು, ಅದರ ಜಾಗದಲ್ಲಿ ‘ಒಪ್ಪಿಗೆ’ ಎಂಬ ಟೋಕನ್ (ಗುರುತು) ಇಡಬೇಕು. ಅಲ್ಲಿ ಯಾವ ಗುಂಡಿಯ ಚಿತ್ರ ತೋರಿಸಬೇಕೆಂಬುದನ್ನು ಗುಂಡಿಗಳನ್ನು ಓದುವ ಇನ್‌ಪುಟ್ ಲೇಯರ್ ನೋಡಿಕೊಳ್ಳುತ್ತದೆ.

ಗುಂಡಿಯದ್ದು ಕಣ್ಣಿಗೆ ಬಿತ್ತು, ಫಾಂಟಿನದ್ದು ಬೀಳುವುದಿಲ್ಲ. ಆಟವನ್ನು ನಡೆಸುವ ನಮ್ಮ ಎಂಜಿನ್ ಎಲ್ಲ ಅಕ್ಷರಗಳನ್ನು 2048ಕ್ಕೆ 2048 ಪಿಕ್ಸೆಲ್ಲಿನ ಒಂದೇ ಚಿತ್ರದಲ್ಲಿ, ಅಂದರೆ ಅಟ್ಲಾಸಿನಲ್ಲಿ, ಮೊದಲೇ ಬೇಕ್ ಮಾಡುತ್ತದೆ (ಅಚ್ಚು ಹಾಕಿಡುತ್ತದೆ). ಟಿವಿಯಿಂದ ದೂರ ಕೂತು ಕಾಂಜಿ (ಚೀನಾದಿಂದ ಬಂದ ಜಪಾನಿ ಅಕ್ಷರ) ಓದಬೇಕೆಂದು ನಾವು ಇಟ್ಟಿದ್ದು 32 ಪಿಕ್ಸೆಲ್, ಪಕ್ಕದ ಅಕ್ಷರ ಸೋರದಂತೆ ಸುತ್ತ ಎರಡೆರಡು ಪಿಕ್ಸೆಲ್ ಅಂಚು. ಒಟ್ಟು 36. ಸಾಲಿಗೆ 56ರಂತೆ 56 ಸಾಲು, 3136 ಮನೆ. ಜಪಾನಿನ ಅಕ್ಷರಗಳ ಸ್ಟ್ಯಾಂಡರ್ಡಿನಲ್ಲಿ ಮೊದಲ ಹಂತದ ಕಾಂಜಿಗಳೇ 2965. ಉಚ್ಚಾರ ಬರೆಯುವ ಅಕ್ಷರಗಳಾದ ಹಿರಗಾನ 83, ಕತಾಕಾನ 86 ಸೇರಿದರೆ 3134. ಉಳಿಯುವುದು ಎರಡು ಮನೆ! ಅಂಕಿ, ಅಲ್ಪವಿರಾಮ, ಆವರಣ ಚಿಹ್ನೆ ಎಲ್ಲಿಗೆ ಹೋಗಬೇಕು? ಎರಡನೇ ಹಂತದ 3390 ಕಾಂಜಿಗಳ ಮಾತು ಬಿಡಿ, ಆದರೆ ಜನರ ಹೆಸರು, ಊರಿನ ಹೆಸರುಗಳಲ್ಲಿ ಅವು ಬಂದೇ ಬರುತ್ತವೆ. ಅಟ್ಲಾಸಿನಲ್ಲಿ ಇಲ್ಲದ ಅಕ್ಷರ ಖಾಲಿ ಚೌಕವಾಗುತ್ತದೆ, ಟೋಫು. ಟೋಫು ಬರಬಾರದೆಂದು ಇಲ್ಲದ ಅಕ್ಷರಕ್ಕೆ ಬದಲಿಯಾಗಿ (ಫಾಲ್‌ಬ್ಯಾಕ್) ಚೀನೀ ಫಾಂಟನ್ನು ಕೊಟ್ಟರೆ ಇನ್ನೊಂದು ಅವಾಂತರ. ಯೂನಿಕೋಡಿನಲ್ಲಿ ಎರಡೂ ಭಾಷೆಗೆ ಒಂದೇ ಕೋಡ್ ಇರುವ ಎಷ್ಟೋ ಅಕ್ಷರಗಳ ಗೆರೆ ಬೇರೆಬೇರೆ. ಕನ್ನಡದ ಬೋರ್ಡಿನಲ್ಲಿ ನಡುವೆ ನಾಲ್ಕು ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಬಂದರೆ ನಮಗೆ ಹೇಗೆ ಕಾಣುತ್ತದೋ ಅವರಿಗೂ ಹಾಗೇ. ಓದಲು ಬರುತ್ತದೆ, ಆದರೆ ಇದನ್ನು ಮಾಡಿದವರು ನಮ್ಮವರಲ್ಲ ಎಂದು ಮೊದಲ ಪರದೆಯಲ್ಲೇ ಗೊತ್ತಾಗುತ್ತದೆ.

ಜಪಾನಿ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಸ್ಪೇಸ್ ನೋಡಿ ಸಾಲು ಮುರಿಯುವ ಎಂಜಿನ್ನಿನಲ್ಲಿ ಮಾತು ಪರದೆಯ ಡಬ್ಬಿಯಿಂದ ಹೊರಗೆ ಹರಿಯುತ್ತದೆ. ಎಲ್ಲೆಂದರಲ್ಲಿ ಮುರಿದರೆ ಪೂರ್ಣವಿರಾಮ ಸಾಲಿನ ಮೊದಲಲ್ಲಿ ಬಂದು ಕೂರುತ್ತದೆ. ಅದು ಕೂಡದು, ಅದಕ್ಕೆ ಕಿನ್‌ಸೊಕು ಎಂಬ ನಿಯಮವೇ ಇದೆ. ವಾಕ್ಯ ಜೋಡಿಸುವುದರಲ್ಲಿ ಮಾತ್ರ ಕನ್ನಡದವರಿಗೆ ಒಂದು ಅನುಕೂಲ: ಇಂಗ್ಲಿಷಿನಲ್ಲಿ ‘ಕೊಟ್ಟ’ ಮೊದಲು, ‘ಕತ್ತಿಯನ್ನು’ ಆಮೇಲೆ. ಮೂರು ತುಂಡು ಸ್ಟ್ರಿಂಗ್ ಅಂಟಿಸಿದ ಕೋಡ್ ಜಪಾನಿಯಲ್ಲಿ ಎಲ್ಲಿ ಮುರಿಯುತ್ತದೆ ಎಂಬುದು, ‘ರವಿಗೆ ಕತ್ತಿಯನ್ನು ಕೊಟ್ಟ’ ಎಂದು ಮಾತಾಡುವ ನಮಗೆ ಸ್ಟ್ರಿಂಗುಗಳ ಶೀಟ್ ನೋಡಿದರೇ ಕಾಣುತ್ತದೆ. ಎಣಿಕೆಯೂ ಅಷ್ಟೆ. ನಾವು ಇಬ್ಬರು ಹುಡುಗರು, ಎರಡು ಕತ್ತಿ ಎನ್ನುತ್ತೇವೆ. ಅವರಲ್ಲಿ ಉದ್ದನೆಯ ವಸ್ತುವಿಗೆ, ಹಾಳೆಯಂಥದಕ್ಕೆ, ಸಣ್ಣ ಪ್ರಾಣಿಗೆ ಒಂದೊಂದು ಎಣಿಕೆಪದ. ಸಂಖ್ಯೆಯ ಮುಂದೆ ಹೆಸರು ಅಂಟಿಸಿದರೆ ಸಾಲದು.

‘ಜಪಾನಿನವರು ಹೊರಗಿನ ಮಾಲು ಕೊಳ್ಳುವುದಿಲ್ಲ ಬಿಡಿ’ ಎಂದು ನಮ್ಮ ಕಡೆಯ ಮೀಟಿಂಗುಗಳಲ್ಲಿ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಲ್ಲಿನ ಸ್ಮಾರ್ಟ್‌ಫೋನುಗಳಲ್ಲಿ ಸುಮಾರು ಅರ್ಧ ಐಫೋನು. ಹೊರಗಿನದೆಂದು ಬಿಟ್ಟವರಲ್ಲ ಅವರು. ಕನ್ಸೋಲಿನ ಚರಿತ್ರೆ ನೋಡಿ. ಅಟಾರಿಯ ಯಂತ್ರ ಅಮೆರಿಕದಲ್ಲಿ ಬಂದದ್ದು 1977ರಲ್ಲಿ, ಅಟಾರಿಯೇ ಅದನ್ನು ಅಟಾರಿ 2800 ಎಂಬ ಹೆಸರಿನಲ್ಲಿ ಜಪಾನಿಗೆ ತಂದದ್ದು 1983ರಲ್ಲಿ. ಅದೇ ವರ್ಷದ ಜುಲೈನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ 14,800 ಯೆನ್‌ಗೆ ಬಂತು. ಮೊದಲ ಎಕ್ಸ್‌ಬಾಕ್ಸ್ 2002ರ ಫೆಬ್ರವರಿ 22ರಂದು 34,800 ಯೆನ್‌ಗೆ ಬಂದಾಗ ಜಪಾನಿಗೆಂದೇ ಕಂಟ್ರೋಲರನ್ನು ಚಿಕ್ಕದು ಮಾಡಿದ್ದರು. ಅದು ಎಷ್ಟು ಒಳ್ಳೆಯದಿತ್ತೆಂದರೆ ಆಮೇಲೆ ಎಲ್ಲ ದೇಶಕ್ಕೂ ಅದನ್ನೇ ಕೊಟ್ಟರು. ಆದರೆ ಡಿಸ್ಕಿನ ಮೇಲೆ ಗೀರು ಬೀಳುತ್ತದೆ ಎಂಬ ದೂರು ಬಂದ ಕೂಡಲೇ ನಂಬಿಕೆ ಕುಸಿಯಿತು. ಮೇ ತಿಂಗಳಲ್ಲೇ ಬೆಲೆ 24,800ಕ್ಕೆ ಇಳಿಯಿತು. ಒಟ್ಟು ಮಾರಾಟ ಐದು ಲಕ್ಷದ ಆಸುಪಾಸಿನಲ್ಲಿ ನಿಂತಿತು.

ಎಕ್ಸ್‌ಬಾಕ್ಸ್ 360 ಕತೆ ಬೇರೆ, ಅದನ್ನು ನಾನು ಹೊಸ ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತೇನೆ. 2008ರ ಆಗಸ್ಟಿನಲ್ಲಿ ‘ಟೇಲ್ಸ್ ಆಫ್ ವೆಸ್ಪೀರಿಯಾ’ ಬಂದಾಗ ಅಂಗಡಿಗಳಲ್ಲಿ ಯಂತ್ರವೇ ಸಿಗದಷ್ಟು ಬೇಡಿಕೆ ಬಂತು. ಬೇಕಾದ ಆಟ ಬಂದರೆ ಪೆಟ್ಟಿಗೆ ಯಾರದ್ದೆಂದು ಯಾರೂ ನೋಡಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಅದೇ ಆಟ, ಹೆಚ್ಚಿನ ಪಾತ್ರ, ಹೆಚ್ಚಿನ ದನಿಯೊಂದಿಗೆ ಪ್ಲೇಸ್ಟೇಷನ್ 3ಕ್ಕೆ ಬಂತು. ಮೊದಲು ಕೊಂಡವರ ಕೈಯಲ್ಲಿ ಉಳಿದದ್ದು ಕಡಿಮೆ ಆವೃತ್ತಿ. ಹಾಗಾದ ಮೇಲೆ ‘ಕಾದು ನೋಡೋಣ’ ಎನ್ನುವುದು ಜಾಣತನವೇ. ಜಗತ್ತಿನಾದ್ಯಂತ ಎಂಟು ಕೋಟಿಗೂ ಹೆಚ್ಚು ಮಾರಿದ ಯಂತ್ರ ಜಪಾನಿನಲ್ಲಿ ಸುಮಾರು 16 ಲಕ್ಷಕ್ಕೆ ನಿಂತಿತು. ಎಕ್ಸ್‌ಬಾಕ್ಸ್ ಒನ್ ಅಮೆರಿಕದಲ್ಲಿ ಬಂದದ್ದು 2013ರ ನವೆಂಬರ್ 22ರಂದು, ಜಪಾನಿನಲ್ಲಿ 2014ರ ಸೆಪ್ಟೆಂಬರ್ 4ರಂದು. ಒಂಬತ್ತು ತಿಂಗಳು ಕಾಯಿಸಿದವರನ್ನು ಗ್ರಾಹಕ ಏಕೆ ಮೊದಲ ದಿನ ಸಾಲುಗಟ್ಟಿ ಬರಮಾಡಿಕೊಳ್ಳಬೇಕು?

ಸ್ಟುಡಿಯೋಗಳೊಳಗೂ ಅದೇ ಕ್ರಮ. ಮೊದಲು ಫಿಗ್ಸ್ (ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್), ಕೊನೆಗೆ ಜೆ, ಅಂದರೆ ಜಪಾನಿ. ಫ್ರೆಂಚ್, ಜರ್ಮನ್ ಸ್ಟ್ರಿಂಗುಗಳು ಕಂಟೆಂಟ್ ಲಾಕಿಗೆ (ಇನ್ನು ಬದಲಾವಣೆ ಇಲ್ಲ ಎನ್ನುವ ಹಂತ) ಮೊದಲೇ ಎಂಜಿನ್ನಿನಲ್ಲಿ ಓಡುತ್ತವೆ. ಜಪಾನಿ ಬರುವ ಹೊತ್ತಿಗೆ ಡಬ್ಬಿಯ ಅಳತೆ, ಅಟ್ಲಾಸ್, ಗುಂಡಿ ಎಲ್ಲ ಗಟ್ಟಿಯಾಗಿರುತ್ತವೆ. ಆಮೇಲೆ ಸಿಕ್ಕ ಪ್ರತಿಯೊಂದು ಬಗ್ಗೂ ‘ರಿಸ್ಕಿ ಚೇಂಜ್’. ಸೆವ್ 3 ಬಗ್ ಎಷ್ಟು ಮುಚ್ಚಿದೆವು ಎಂಬ ಲೆಕ್ಕ ಮ್ಯಾನೇಜ್‌ಮೆಂಟಿಗೆ ಪ್ರತಿ ಶುಕ್ರವಾರ ಹೋಗುತ್ತದೆ. ಮುಚ್ಚಿದ್ದು ಸರಿಯೇ ಎಂದು ಅದರಲ್ಲಿ ಯಾರೂ ಕೇಳುವುದಿಲ್ಲ. ನಾನು ಆ ಟಿಕೆಟ್ ಮುಚ್ಚಿದ್ದು ಒಂದು ಗುರುವಾರ ಸಂಜೆ, ಒಟ್ಟು ಹನ್ನೊಂದು ಟಿಕೆಟ್ಟುಗಳ ಜೊತೆ, ಕಂಟ್ರೋಲರ್ ಕೈಗೆತ್ತಿಕೊಳ್ಳದೆ.

ಮುಂದಿನ ಪ್ರಾಜೆಕ್ಟಿನ ಶೆಡ್ಯೂಲ್ ಬಂದಿದೆ. ಜಪಾನಿನ ಎಲ್‌ಕ್ಯೂಎ (ಭಾಷಾ ಪರೀಕ್ಷೆ) ಅದರಲ್ಲೂ ಅಟ್ಲಾಸ್ ಬೇಕ್ ಆದ ಎಂಟು ದಿನಕ್ಕೆ ಶುರುವಾಗುತ್ತದೆ. ಮೊದಲ ಪ್ಲೇಯಬಲ್ ಬಿಲ್ಡಿನಲ್ಲೇ ಜಪಾನಿ ಸ್ಟ್ರಿಂಗ್ ಹಾಕಿ, ಅನುವಾದ ತಯಾರಿಲ್ಲದಿದ್ದರೆ 3134 ಅಕ್ಷರಗಳ ಡಮ್ಮಿ ಫೈಲನ್ನಾದರೂ ಓಡಿಸಿ ಎಂದು ಪ್ರೊಡ್ಯೂಸರ್‌ಗೆ ಮೇಲ್ ಹಾಕಿದ್ದೇನೆ. ಫೈಲೂ ಜೊತೆಗೇ ಕಳಿಸಿದ್ದೇನೆ.