ಇಂಗ್ಲೆಂಡಿನ ನರ್ಸ್‌ಗಳ ಬೋನಸ್: ಯಾರ ಕೈಗೆ ಬಂತು, ಎಷ್ಟು ಬಂತು

“ನಿಮ್ಮಲ್ಲಿ ಸರ್ಕಾರ ನರ್ಸ್‌ಗಳಿಗೆಲ್ಲ ಎರಡೆರಡು ಲಕ್ಷ ಬೋನಸ್ ಕೊಟ್ಟಿತಂತೆ, ಹೌದೇ?” ಎಂಬ ಪ್ರಶ್ನೆಯನ್ನು 2023ರ ಬೇಸಿಗೆಯಿಂದ ಈಚೆಗೆ ಊರಿನ ಬಂಧುಗಳಿಂದಲೂ, ಇಲ್ಲಿಗೆ ಬರಲು ಪರೀಕ್ಷೆಗೆ ಓದುತ್ತಿರುವ ನರ್ಸಿಂಗ್ ವಿದ್ಯಾರ್ಥಿನಿಯರಿಂದಲೂ ಕೇಳುತ್ತಾ ಬಂದಿದ್ದೇನೆ. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ನಿಜವೂ ಇಲ್ಲ. ಆ ಹಣ ಯಾವುದಕ್ಕೆ ಬಂತು, ಅದರಲ್ಲಿ ಎಷ್ಟು ಕೈಗೆ ಉಳಿಯಿತು, ನಮ್ಮ ಪಕ್ಕದಲ್ಲೇ ನಿಂತು ದುಡಿದವರಲ್ಲಿ ಯಾರಿಗೆ ಒಂದು ಪೌಂಡ್ ಕೂಡ ಬರಲಿಲ್ಲ ಎಂಬುದನ್ನು ಫೋನಿನಲ್ಲಿ ವಿವರಿಸುವುದು ಕಷ್ಟ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವ ಕನ್ನಡದ ನರ್ಸ್ ಆಗಿ, ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಇಲ್ಲಿಗೆ ಬಂದದ್ದು 2018ರಲ್ಲಿ. 2020ರ ಮಾರ್ಚ್ ಕೊನೆಯ ಹೊತ್ತಿಗೆ ನಮ್ಮ ವಾರ್ಡಿನ ಅರ್ಧದಷ್ಟು ಜನರನ್ನು ತೀವ್ರ ನಿಗಾ ಘಟಕಕ್ಕೆ ಕಳುಹಿಸಿದ್ದರು. ವೆಂಟಿಲೇಟರ್ ಮೇಲಿರುವ ರೋಗಿಯನ್ನು ಬೋರಲು ಮಲಗಿಸುವುದು ಅಲ್ಲಿ ನಿತ್ಯದ ಕೆಲಸವಾಗಿತ್ತು. ತಲೆಯ ಬಳಿ ಉಸಿರಿನ ನಳಿಕೆಯನ್ನು ಬಿಗಿಯಾಗಿ ಹಿಡಿದ ಅರಿವಳಿಕೆ ವೈದ್ಯರು ಎಣಿಕೆ ಹೇಳುತ್ತಿದ್ದರು. ಎರಡೂ ಬದಿಗಳಲ್ಲಿ ನರ್ಸ್‌ಗಳು ಮತ್ತು ಆರೋಗ್ಯ ಸಹಾಯಕರು ಹಾಸಿಗೆಯ ಬಟ್ಟೆಯ ಅಂಚುಗಳನ್ನು ಸುರುಳಿ ಸುತ್ತಿ ಹಿಡಿದು, ಮೂರು ಎನ್ನುತ್ತಿದ್ದಂತೆ ಒಟ್ಟಿಗೆ ಹೊರಳಿಸಬೇಕು. ಆಗ ಒಂದು ಡ್ರಿಪ್ಪೂ ಕಳಚಬಾರದು. ಆ ಐದಾರು ಜನರಲ್ಲಿ ಕಾಯಂ ನೌಕರರಿದ್ದರು, ಆಸ್ಪತ್ರೆಯ ಪಟ್ಟಿಯಲ್ಲಿದ್ದು ಕರೆದಾಗಷ್ಟೇ ಪಾಳಿಗೆ ಬರುವ, ಇಲ್ಲಿ ‘ಬ್ಯಾಂಕ್’ ಎಂದು ಕರೆಯುವ ಸಿಬ್ಬಂದಿ ಇದ್ದರು, ಏಜೆನ್ಸಿಯ ಮೂಲಕ ಬಂದವರೂ ಇದ್ದರು. ಕೆಲಸ ಮುಗಿದ ಮೇಲೆ ನೆಲ ಒರೆಸಿ, ಸೋಂಕಿನ ಚೀಲ ಕಟ್ಟಿ ಒಯ್ಯುತ್ತಿದ್ದಾತ ಗುತ್ತಿಗೆ ಕಂಪನಿಯ ನೌಕರ. ಹಾಸಿಗೆಯ ಸುತ್ತ ನಿಂತಾಗ ಯಾರ ಸಂಬಳ ಯಾರ ಖಾತೆಯಿಂದ ಬರುತ್ತದೆ ಎಂಬುದು ಯಾರಿಗೂ ಮುಖ್ಯವಾಗಿರಲಿಲ್ಲ. ಬೋನಸ್ ಬಂದಾಗ ಮಾತ್ರ ಅದೊಂದೇ ಮುಖ್ಯವಾಯಿತು.

ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಯ ಹೊಣೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ಬೇರೆ ಸರ್ಕಾರಗಳದು. ಹಾಗಾಗಿ “ಬ್ರಿಟನ್ ಬೋನಸ್ ಕೊಟ್ಟಿತು” ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. 2020ರ ನವೆಂಬರ್ 30ರಂದು ಸ್ಕಾಟ್‌ಲೆಂಡಿನ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಅವರು ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ತಲಾ 500 ಪೌಂಡ್ ಕೃತಜ್ಞತಾ ಹಣವನ್ನು ಘೋಷಿಸಿದರು. ಅದನ್ನು ತೆರಿಗೆಯಿಂದ ಬಿಡುವ ಅಧಿಕಾರ ಮಾತ್ರ ಲಂಡನ್ನಿನ ಕೈಯಲ್ಲಿತ್ತು. ವಿನಾಯಿತಿ ಕೊಡಿ ಎಂದು ಸ್ಕಾಟ್‌ಲೆಂಡ್ ಕೇಳಿಕೊಂಡರೂ ಅದು ಸಿಗದೆ, 500ರಲ್ಲಿ ಒಂದು ಭಾಗ ಮತ್ತೆ ಸರ್ಕಾರದ ಬೊಕ್ಕಸಕ್ಕೇ ಹೋಯಿತು. ವೇಲ್ಸ್ ಸರ್ಕಾರ 2020ರ ಮೇ ತಿಂಗಳಲ್ಲಿ ಆರೈಕೆ ಕಾರ್ಮಿಕರಿಗೆ ಘೋಷಿಸಿದ 500 ಪೌಂಡಿಗೂ ತೆರಿಗೆ ಬಿದ್ದಿತ್ತು. 2021ರ ಮಾರ್ಚಿನಲ್ಲಿ ಮತ್ತೊಮ್ಮೆ ಘೋಷಿಸುವಾಗ ಅವರು ಮೊತ್ತವನ್ನೇ 735 ಪೌಂಡಿಗೆ ಏರಿಸಿದರು. ಸಾಮಾನ್ಯ ದರದಲ್ಲಿ ತೆರಿಗೆ ಕಟ್ಟುವವರಿಗೆ ಕಡಿತವೆಲ್ಲ ಕಳೆದು ಸುಮಾರು 500 ಪೌಂಡ್ ಕೈಗೆ ಸಿಗಲಿ ಎಂಬುದು ಆ ವಿಚಿತ್ರ ಸಂಖ್ಯೆಯ ಹಿಂದಿನ ಲೆಕ್ಕ. ಕೊಡುವ ಹಣವನ್ನು ಪಡೆಯುವವರ ಕಡೆಯಿಂದ ಎಣಿಸಿದ ಆ ರೀತಿ ನನಗೆ ಇವತ್ತಿಗೂ ಗೌರವ ಹುಟ್ಟಿಸುತ್ತದೆ.

ಇಂಗ್ಲೆಂಡಿನಲ್ಲಿ ನಾವು ಆ ವರ್ಷ ಅಂಥ ಹಣವನ್ನು ನೋಡಲಿಲ್ಲ. 2020ರ ಮಾರ್ಚ್ 26ರಿಂದ ಹತ್ತು ವಾರ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಜನ ಬಾಗಿಲಿಗೆ ಬಂದು ನಮಗಾಗಿ ಚಪ್ಪಾಳೆ ತಟ್ಟಿದರು. ನಾನದನ್ನು ಮನಸ್ಸಿನಿಂದ ಸ್ವೀಕರಿಸಿದ್ದೇನೆ, ಅದನ್ನು ಹಗುರ ಮಾಡಿ ಮಾತನಾಡುವವರ ಜೊತೆ ನಾನಿಲ್ಲ. ಆದರೆ 2021ರ ಮಾರ್ಚಿನಲ್ಲಿ ಸರ್ಕಾರ ಶೇಕಡಾ 1ರ ಸಂಬಳ ಏರಿಕೆಯನ್ನು ಪ್ರಸ್ತಾಪಿಸಿದಾಗ ಸಿಬ್ಬಂದಿಯ ಊಟದ ಕೋಣೆಯಲ್ಲಿ ಕವಿದ ಮೌನವನ್ನು ಮರೆಯಲಾರೆ. ಜುಲೈನಲ್ಲಿ ಅದು ಶೇಕಡಾ 3 ಆಯಿತು. ಮರುವರ್ಷ ಹೆಚ್ಚಿನವರಿಗೆ ವರ್ಷಕ್ಕೆ 1,400 ಪೌಂಡ್ ಏರಿಸಿದರು. ಆದರೆ 2022ರ ಅಕ್ಟೋಬರ್ ಹೊತ್ತಿಗೆ ಬೆಲೆ ಏರಿಕೆಯ ಪ್ರಮಾಣ ಶೇಕಡಾ 11.1 ಮುಟ್ಟಿತ್ತು. ಆ ಡಿಸೆಂಬರ್ 15 ಮತ್ತು 20ರಂದು, ನರ್ಸ್‌ಗಳ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ 106 ವರ್ಷಗಳ ಇತಿಹಾಸದಲ್ಲೇ ದೊಡ್ಡದಾದ ಮುಷ್ಕರಕ್ಕೆ ಇಳಿಯಿತು.

ನಮ್ಮೂರಿನವರು ಕೇಳುವ ಬೋನಸ್ ಹುಟ್ಟಿದ್ದು ಈ ಮುಷ್ಕರದಿಂದಲೇ ಎಂಬುದನ್ನು ಮೊದಲು ತಿಳಿಯಬೇಕು. ಮಾತುಕತೆಯ ಕೊನೆಗೆ ಸರ್ಕಾರ ಮುಂದಿಟ್ಟ ಪ್ರಸ್ತಾವದಲ್ಲಿ ಎರಡು ಭಾಗಗಳಿದ್ದವು. 2023–24ಕ್ಕೆ ಮೂಲ ಸಂಬಳದಲ್ಲಿ ಶೇಕಡಾ 5ರ ಏರಿಕೆ ಒಂದು. ಕಳೆದುಹೋದ 2022–23ರ ವರ್ಷಕ್ಕಾಗಿ ಒಂದೇ ಬಾರಿ ಕೊಡುವ ಹಣ ಇನ್ನೊಂದು. ಆ ಎರಡನೆಯದರೊಳಗೆ ಸಂಬಳದ ಶೇಕಡಾ 2ರಷ್ಟು ಒಂದು ಪಾಲಿತ್ತು. ಅದರ ಮೇಲೆ, ಕೋವಿಡ್ ಕಾಲದ ಹೊರೆಯನ್ನೂ ಅದರಿಂದ ಬೆಳೆದ ರೋಗಿಗಳ ಕಾಯುವ ಪಟ್ಟಿಯನ್ನೂ ನಿಭಾಯಿಸುತ್ತಿರುವುದಕ್ಕೆಂದು ಸಂಬಳದ ದರ್ಜೆಗೆ ತಕ್ಕಂತೆ ನಿಗದಿಯಾದ ಇನ್ನೊಂದು ಪಾಲಿತ್ತು. ಎರಡೂ ಸೇರಿ ಅತಿ ಕೆಳಗಿನ ದರ್ಜೆಗೆ 1,655 ಪೌಂಡ್, ಅತಿ ಮೇಲಿನ ದರ್ಜೆಗೆ 3,789 ಪೌಂಡ್. ನರ್ಸ್‌ಗಳ ಸಂಘದ ಸದಸ್ಯರು ಶೇಕಡಾ 54ರ ಬಹುಮತದಿಂದ ಇದನ್ನು ತಿರಸ್ಕರಿಸಿದರು. ಯುನಿಸನ್ ಮೊದಲಾದ ಬೇರೆ ಸಂಘಗಳ ಸದಸ್ಯರು ಒಪ್ಪಿದ್ದರಿಂದ 2023ರ ಮೇ 2ರಂದು ಒಪ್ಪಂದವಾಗಿ, ಜೂನ್ ತಿಂಗಳ ಸಂಬಳದ ಜೊತೆ ಹಣ ಬಂತು.

ಆ ಜೂನಿನಲ್ಲಿ ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ್ದ ಕನ್ನಡದ ಹುಡುಗಿಯೊಬ್ಬಳು ತನ್ನ ಸಂಬಳದ ಚೀಟಿಯನ್ನು ಫೋನಿನಲ್ಲಿ ತೆರೆದು ನನ್ನ ಮುಂದೆ ಹಿಡಿದಳು. “ಅಕ್ಕ, ಇದರಲ್ಲಿ ಏನೋ ತಪ್ಪಾಗಿದೆ, ನೋಡಿ” ಎಂದಳು. ತಪ್ಪೇನೂ ಆಗಿರಲಿಲ್ಲ. ಅವಳದು ಐದನೇ ದರ್ಜೆಯ ಆರಂಭದ ಮೆಟ್ಟಿಲು, ಅದರ ವಾರ್ಷಿಕ ಸಂಬಳ ಏರಿಕೆಗೆ ಮೊದಲು 27,055 ಪೌಂಡ್. ಎಡಗಡೆಯ ಸಾಲಿನಲ್ಲಿ ಒಂದೇ ಬಾರಿಯ ಹಣದ ಎರಡು ಪಾಲುಗಳು ಕೂಡಿ 1,891 ಪೌಂಡ್ ಇತ್ತು, ಅಂದಿನ ದರದಲ್ಲಿ ಎರಡು ಲಕ್ಷ ರೂಪಾಯಿಯ ಹತ್ತಿರ. ಊರಿಗೆ ಮುಟ್ಟಿದ ಸುದ್ದಿ ಇದೇ ಸಾಲಿನದು. ಬಲಗಡೆಯ ಸಾಲಿನಲ್ಲಿ ಆದಾಯ ತೆರಿಗೆ ಶೇಕಡಾ 20, ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ವಿಮೆಯ ವಂತಿಗೆ ಶೇಕಡಾ 12ರ ದರದಲ್ಲಿ ಕಳೆದಿದ್ದವು. ಬೋನಸ್ಸಿನ ಪಾಲಿಗೆ ಕೊನೆಗೆ ಉಳಿದದ್ದು ಸುಮಾರು 1,300 ಪೌಂಡ್. ಅವಳು ಆ ಹಣವನ್ನು ಮನೆಯ ಸಾಲಕ್ಕೆ ಕಳುಹಿಸುತ್ತೇನೆಂದು ತಂದೆಗೆ ಮೊದಲೇ ಮಾತು ಕೊಟ್ಟಿದ್ದಳು. ಕಡಿಮೆ ಬಿದ್ದದ್ದನ್ನು ಹೇಗೆ ಹೇಳುವುದೆಂದು ಬಹಳ ಹೊತ್ತು ಯೋಚಿಸುತ್ತಾ ಕುಳಿತಿದ್ದಳು.

ಅದೇ ಚೀಟಿಯಲ್ಲಿ ಇನ್ನೊಂದು ಸಾಲಿತ್ತು, ಅದರ ಕಡೆಗೆ ಅವಳ ಕಣ್ಣು ಹೋಗಿರಲಿಲ್ಲ. ಶೇಕಡಾ 5ರ ಏರಿಕೆಯಿಂದ ಅವಳ ಮೂಲ ಸಂಬಳ 28,407 ಪೌಂಡ್ ಆಗಿತ್ತು, ಅಂದರೆ ವರ್ಷಕ್ಕೆ 1,352 ಪೌಂಡ್ ಹೆಚ್ಚು. ಬೋನಸ್ಸಿಗಿಂತ ಇದು ಚಿಕ್ಕದಾಗಿ ಕಾಣುತ್ತದೆ. ಆದರೆ ಇದು ಪ್ರತಿ ವರ್ಷ ಬರುತ್ತದೆ, ಮುಂದಿನ ಏರಿಕೆಯನ್ನು ಇದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಐದನೇ ದರ್ಜೆಯ ನರ್ಸಿಗೆ ರಾತ್ರಿ ಪಾಳಿಗೆ ಮತ್ತು ಶನಿವಾರಕ್ಕೆ ಶೇಕಡಾ 30, ಭಾನುವಾರಕ್ಕೆ ಶೇಕಡಾ 60 ಹೆಚ್ಚುವರಿ ಭತ್ಯೆ ಸಿಗುತ್ತದೆ, ಅದೂ ಮೂಲ ಸಂಬಳದ ಮೇಲಿನ ಲೆಕ್ಕವೇ. ಪಿಂಚಣಿಯೂ ಹಾಗೆಯೇ, ಪ್ರತಿ ವರ್ಷದ ಪಿಂಚಣಿಯೋಗ್ಯ ಸಂಬಳದ 54ರಲ್ಲಿ ಒಂದು ಭಾಗ ಖಾತೆಗೆ ಸೇರುತ್ತಾ ಹೋಗುತ್ತದೆ. ಒಂದೇ ಬಾರಿಯ ಹಣ ಈ ಯಾವುದಕ್ಕೂ ಸೇರುವುದಿಲ್ಲ. ಮಳೆಗಾಲದಲ್ಲಿ ಒಂದು ದಿನ ಸುರಿದು ಹೋದ ಮಳೆಗೂ ಬಾವಿಯ ಸೆಲೆಗೂ ಇರುವ ವ್ಯತ್ಯಾಸ ಅದು. ಹೆಚ್ಚು ಹಣವನ್ನು ಬೋನಸ್ಸಿನ ಕಡೆಗೆ ತಳ್ಳಿ ಮೂಲ ಸಂಬಳವನ್ನು ಬಿಗಿಯಾಗಿ ಹಿಡಿಯುವುದು ಸರ್ಕಾರಕ್ಕೆ ಏಕೆ ಅನುಕೂಲ ಎಂಬುದು ಇದರಿಂದ ತಿಳಿಯುತ್ತದೆ. ಒಪ್ಪಂದದ ವಿರುದ್ಧ ಮತ ಹಾಕಿದ ನರ್ಸ್‌ಗಳು ಕೃತಘ್ನರು ಎಂದು ಯಾರಾದರೂ ಹೇಳಿದರೆ, ಅವರಿಗೆ ಈ ಸಾಲನ್ನೇ ತೋರಿಸಬೇಕೆನಿಸುತ್ತದೆ.

ಈಗ ಹಣ ಬಾರದವರ ಮಾತು. 2023ರ ಮಾರ್ಚ್ 31ರಂದು ಎನ್‌ಎಚ್‌ಎಸ್ ಸಂಸ್ಥೆಯ ನೇರ ನೌಕರಿಯಲ್ಲಿ, ರಾಷ್ಟ್ರೀಯ ಸಂಬಳ ಒಪ್ಪಂದದ ಅಡಿಯಲ್ಲಿ ಇದ್ದವರಿಗೆ ಮಾತ್ರ ಈ ಹಣ ಎಂಬುದು ನಿಯಮ. ಅರೆಕಾಲಿಕ ನೌಕರರಿಗೆ ಅವರ ಗಂಟೆಗಳಿಗೆ ತಕ್ಕಷ್ಟು. ಎರಡು ಚಳಿಗಾಲ ಕೋವಿಡ್ ವಾರ್ಡಿನಲ್ಲಿ ದುಡಿದು ಮಾರ್ಚ್ ಮಧ್ಯದಲ್ಲಿ ಬಿಟ್ಟುಹೋದವರಿಗೆ ಇಲ್ಲ. ನಮ್ಮ ವಾರ್ಡಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದ ಒಬ್ಬಾಕೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಬೇಕಾಗಿದ್ದರಿಂದ ಕಾಯಂ ಕೆಲಸ ಬಿಟ್ಟು ಬ್ಯಾಂಕ್ ಪಾಳಿಗಳನ್ನಷ್ಟೇ ಮಾಡುತ್ತಿದ್ದಳು. ಬೋರಲು ಮಲಗಿಸುವಾಗ ನನ್ನ ಎದುರು ಬದಿಯಲ್ಲಿ ನಿಲ್ಲುತ್ತಿದ್ದವಳು ಅವಳೇ. ಬ್ಯಾಂಕ್ ಸಿಬ್ಬಂದಿಗೆ ಹಣವಿಲ್ಲವೆಂದು ಪತ್ರ ಬಂದ ದಿನವೂ ಅವಳು ಪಾಳಿಗೆ ಬಂದು, ಎಂದಿನಂತೆ ರೋಗಿಗಳ ಬಾಯಿ ಒರೆಸಿ, ತಲೆ ಬಾಚಿ ಹೋದಳು. ಅವಳ ಮುಂದೆ ನಮ್ಮ ಬೋನಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಶುಚಿ ಕೆಲಸದ ಗುತ್ತಿಗೆಯವರ ಸ್ಥಿತಿಯೂ ಇದೇ. ಎನ್‌ಎಚ್‌ಎಸ್‌ನ ಕೆಲಸವನ್ನೇ ಮಾಡುವ, ಆದರೆ ಹೊರಗಿನ ಸಂಸ್ಥೆಗಳ ನೌಕರರಾಗಿರುವ ಸಮುದಾಯ ನರ್ಸ್‌ಗಳೂ ಮೊದಲಿಗೆ ಹೊರಗುಳಿದರು. ಅವರ ಸಂಸ್ಥೆಗಳು ಅರ್ಜಿ ಹಾಕಿದರೆ ಹಣ ಒದಗಿಸುವುದಾಗಿ ಸರ್ಕಾರ ಅದೇ ವರ್ಷ ನವೆಂಬರಿನಲ್ಲಿ ಒಪ್ಪಿತು. ಬ್ಯಾಂಕ್ ಸಿಬ್ಬಂದಿ ಆ ಪಟ್ಟಿಗೂ ಸೇರಲಿಲ್ಲ.

ಬಂದ ಹಣವೂ ಕೆಲವರಿಗೆ ತೊಡಕಾಯಿತು. ಕಡಿಮೆ ಸಂಬಳದ ಇಲ್ಲಿಯ ಸಹೋದ್ಯೋಗಿಗಳಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವನ್ನು ಪಡೆಯುವವರಿದ್ದಾರೆ. ಕೈಗೆ ಬರುವ ಸಂಬಳ ಒಂದು ಮಿತಿಗಿಂತ ಒಂದೊಂದು ಪೌಂಡ್ ಹೆಚ್ಚಿದಂತೆ ನೆರವಿನಲ್ಲಿ 55 ಪೆನ್ಸ್ ಕಡಿತವಾಗುತ್ತದೆ. ತೆರಿಗೆ ಕಳೆದು ಉಳಿದದ್ದರಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಹೋದರೆ, ಅತಿ ಕಡಿಮೆ ದರ್ಜೆಯವರಿಗೇ ಅತಿ ಕಡಿಮೆ ಪಾಲು ಉಳಿಯುತ್ತದೆ. ವೀಸಾದ ಮೇಲೆ ಬಂದ ನಮ್ಮಂಥವರಿಗೆ ಆ ನೆರವೇ ಇಲ್ಲದ್ದರಿಂದ ಆ ಕಡಿತವೂ ಇಲ್ಲ.

ವಿದೇಶದಿಂದ ಬಂದ ನಮಗೆ ನಿಜವಾಗಿ ಬಲ ಕೊಟ್ಟ ನಿರ್ಧಾರ ಬೇರೆಯೇ ಇತ್ತು, ಅದನ್ನು ಬೋನಸ್ ಎಂದು ಯಾರೂ ಕರೆಯುವುದಿಲ್ಲ. ಇಲ್ಲಿಗೆ ವೀಸಾ ಪಡೆಯುವವರು ವರ್ಷಕ್ಕಿಷ್ಟೆಂದು ಆರೋಗ್ಯ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು. ಇನ್ನೊಬ್ಬರ ಆರೋಗ್ಯ ಕಾಯುವ ನರ್ಸೇ ತನ್ನ ಆರೋಗ್ಯಕ್ಕೆ ತೆರಿಗೆಯ ಮೇಲೆ ಮತ್ತೊಮ್ಮೆ ಶುಲ್ಕ ಕಟ್ಟಬೇಕಾಗಿತ್ತು. 2020ರ ಮೇ 21ರಂದು, ಮೊದಲು ಸಾಧ್ಯವಿಲ್ಲವೆಂದಿದ್ದ ಬೋರಿಸ್ ಜಾನ್ಸನ್ ಅವರ ಸರ್ಕಾರ ನಿಲುವು ಬದಲಿಸಿ, ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಆ ಅಕ್ಟೋಬರಿನಲ್ಲಿ ಶುಲ್ಕ ವರ್ಷಕ್ಕೆ 400ರಿಂದ 624 ಪೌಂಡಿಗೆ ಏರಿತು. ಮೂರು ವರ್ಷದ ವೀಸಾಕ್ಕೆ ಒಬ್ಬ ವಯಸ್ಕರಿಗೆ 1,872 ಪೌಂಡ್ ಆಗುತ್ತಿತ್ತು, ಅಂದರೆ ಹೆಚ್ಚುಕಡಿಮೆ ಆ ಹುಡುಗಿಯ ಬೋನಸ್ಸಿನಷ್ಟೇ. ಗಂಡನಿಗೂ ಮಕ್ಕಳಿಗೂ ಸೇರಿಸಿ ನೋಡಿದರೆ ಉಳಿತಾಯ ಎಷ್ಟೆಂದು ನೀವೇ ಊಹಿಸಬಹುದು. ಇದಕ್ಕೆ ತೆರಿಗೆಯ ಕಡಿತವಿರಲಿಲ್ಲ, ಮಾರ್ಚ್ 31ರ ಗೆರೆಯೂ ಇರಲಿಲ್ಲ. ಹಾಗೆಂದು ಶುಲ್ಕಗಳೆಲ್ಲ ತೀರಿದವೆಂದಲ್ಲ. 2023ರಲ್ಲಿ ನಾನು ಕಾಯಂ ವಾಸದ ಅರ್ಜಿಗೆ ಕಟ್ಟಿದ ಶುಲ್ಕ 2,404 ಪೌಂಡ್, ನನ್ನ ಬೋನಸ್ ಪೂರ್ತಿಯಾಗಿ ಅಲ್ಲಿಗೇ ಹೋಯಿತು.

ಆರೈಕೆ ಕೇಂದ್ರಗಳಿಗೆ ಬರುತ್ತಿರುವ ನರ್ಸ್‌ಗಳಿಗೆ ಇದನ್ನು ವಿಶೇಷವಾಗಿ ಹೇಳಬೇಕು. ವೃದ್ಧರ ಆರೈಕೆ ಕೇಂದ್ರಗಳು ಇಲ್ಲಿ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿವೆ, ಎನ್‌ಎಚ್‌ಎಸ್‌ನ ಒಪ್ಪಂದ ಅವುಗಳಿಗೆ ಅನ್ವಯಿಸುವುದಿಲ್ಲ. 2021ರ ಕೊನೆಯಲ್ಲಿ ಸರ್ಕಾರ ಆರೈಕೆ ಕ್ಷೇತ್ರದ ಸಿಬ್ಬಂದಿಯನ್ನು ಉಳಿಸಿಕೊಳ್ಳಲೆಂದು 16.25 ಕೋಟಿ ಪೌಂಡ್, ಅನಂತರ 30 ಕೋಟಿ ಪೌಂಡ್ ಬಿಡುಗಡೆ ಮಾಡಿದ್ದು ನಿಜ. ಆದರೆ ಅದು ಸ್ಥಳೀಯ ಕೌನ್ಸಿಲ್‌ಗಳ ಮೂಲಕ ಹರಿಯುವ ಹಣ. ಅದರಲ್ಲಿ ಬೋನಸ್ ಕೊಡುವುದೋ, ಹೊಸಬರನ್ನು ನೇಮಿಸುವುದೋ ಎಂಬುದು ಊರಿಂದ ಊರಿಗೆ ಬೇರೆಯಾಗುತ್ತಿತ್ತು. ಆದ್ದರಿಂದ ಕೆಲಸದ ಪತ್ರ ಕೈಗೆ ಬಂದಾಗ ನೇಮಕ ಮಾಡುತ್ತಿರುವವರು ಎನ್‌ಎಚ್‌ಎಸ್ ಸಂಸ್ಥೆಯೇ, ಖಾಸಗಿ ಕಂಪನಿಯೇ ಎಂದು ಮೊದಲು ನೋಡಿ. ಒಪ್ಪಂದ ಕಾಯಂ ಕೆಲಸದ್ದೋ, ಬ್ಯಾಂಕ್ ಪಾಳಿಯದೋ ಎಂದು ಕೇಳಿ. ಹೇಳುತ್ತಿರುವ ಮೊತ್ತದಲ್ಲಿ ಮೂಲ ಸಂಬಳ ಎಷ್ಟು, ಒಂದೇ ಬಾರಿಯ ಹಣ ಎಷ್ಟು ಎಂದು ಬರಹದಲ್ಲೇ ಪಡೆಯಿರಿ. ಏಜೆಂಟರು ಬಾಯಿಮಾತಿನಲ್ಲಿ ಇವೆಲ್ಲವನ್ನೂ ಒಂದೇ ಸಂಖ್ಯೆಯಾಗಿ ಕೂಡಿಸಿ ಹೇಳುತ್ತಾರೆ, ಮನೆಯವರು ಆ ಸಂಖ್ಯೆಯನ್ನು ನಂಬಿ ಸಾಲದ ಕಂತು ಗೊತ್ತುಮಾಡುತ್ತಾರೆ.